ಉಡಿದಾರ

ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ಬಡಿದ ದಾದಾಪೀರ್,
ಸಂತೆಯಲ್ಲಿ ಗಡಿಗೆ ಕೊಳ್ಳುವವರ ಹಾಗೆ.
ಠಣ್ ಅಂದರೆ ಒಳಗೆ ಜೀವ ಇದೆ,
ಡಬ್ ಅಂದರೆ ಸುಣ್ಣ ಸತ್ತು ಮಣ್ಣಾಗಿದೆ.
ಮೂಲೆಗೆ ಬಂದಾಗ ಬಡಿಯಲಿಲ್ಲ.
ಅಲ್ಲಿದ್ದ ಬಿರುಕಿನೊಳಗೆ ನನ್ನ ಸ್ಟೀಲ್ ಸ್ಕೇಲು
ಅರ್ಧಕ್ಕರ್ಧ ಇಳಿಯಿತು.

"ನಾಲ್ಕು ಗೋಡೆ ಅದಾವ್ರಿ ಮೇಡಂ, ಮನಿ ಇಲ್ಲ.
ಪಾಲಾದ ಅಣ್ತಮ್ಮಂದಿರು ನೋಡ್ರಿ ಇವು,
ಒಂದೇ ಸೂರಿನಾಗ ನಿಂತಾವ, ಮಾತಿಲ್ಲ ಕತಿಯಿಲ್ಲ.
ನೆಲ ಅಲುಗಿದ್ರ ಒಂದೊಂದು ಒಂದೊಂದು ದಿಕ್ಕಿಗೆ."

ಚೌಕಿಪೇಟೆಯ ಹಳೇ ಹೆರಿಗೆ ಮನೆ.
ಗಿರಣಿಯ ಕೂಗೇ ಊರಿನ ಗಡಿಯಾರವಾಗಿದ್ದ ಕಾಲದ್ದು.
ಕೆಂಪಿಟ್ಟಿಗೆ, ಸುಣ್ಣದ ಗಾರೆ, ತೇಗದ ತೊಲೆ,
ಒಂದೂವರೆ ಅಡಿ ಗೋಡೆ. ದಪ್ಪ ನೋಡಿ ನಂಬಿದ್ದೆವು.
ಕೊರೆದರೆ, ಬೆನ್ನು ತಿರುಗಿಸಿ ನಿಂತ ಎರಡು ತೆಳು ಗೋಡೆ,
ನಡುವೆ ಇಟ್ಟಿಗೆ ಚೂರು, ಜಲ್ಲಿ,
ಮಂಡಕ್ಕಿ ಭಟ್ಟಿಯ ಹೊಟ್ಟಿನ ಬೂದಿ.

"ದಾವಣಗೆರೆಗೆ ಭೂಕಂಪವೇ?" ಸಮಿತಿ ನಕ್ಕಿತು.
"ನಲ್ಲೀಲಿ ನೀರೇ ಬರಲ್ಲ, ಅದೆಲ್ಲಿಂದ ಬರುತ್ತೆ!"
ನಾನು ನಕ್ಷೆ ಬಿಡಿಸಿದೆ. ನಮ್ಮೂರಿಗೆ ತೆಳು ಬಣ್ಣ.
ತೆಳು ಅಂದರೆ ಇಲ್ಲವೆಂದಲ್ಲ ಎಂದೆ.
ಯಾರೋ ಮಿರ್ಚಿ ತರಲು ಹೇಳಿದರು.
ಬಾಗಿಲಲ್ಲಿ ನಿಂತಿದ್ದ ದಾದಾಪೀರ್ ಅಂದ,
"ಹತ್ತೊಂಬತ್ತನೇ ವಯಸ್ಸಿಗೆ ಲಾತೂರ್ ಕಡೆ ಹೋಗಿದ್ದೆ, ಕಲ್ಲು ಎತ್ತಾಕ.
ಅಲ್ಲೂ ಹಿಂಗೇ ಅಂತಿದ್ರಂತೆ."
ಯಾವ ಕಲ್ಲು, ಕಲ್ಲಿನಡಿ ಯಾರು,
ಅವನು ಹೇಳಲಿಲ್ಲ.
ಹಣ ಮಂಜೂರಾಯಿತು, ಕೇಳಿದ್ದರ ಮುಕ್ಕಾಲು.

ಮೊದಲು ಇಳಿಯಬೇಕಾದವು ಸಿಂಹಗಳು.
ಮುಂಬಾಗಿಲ ನೆತ್ತಿಯ ಮೇಲೆ ಗಚ್ಚಿನ ಎರಡು ಸಿಂಹ,
ನಡುವೆ ಕಟ್ಟಿಸಿದವರ ಹೆಸರು, ಇಸವಿ, ಒಂದು ಕಮಲ.
ಮೊಮ್ಮಗ ಅಂದಾನೆಪ್ಪನವರು ಸ್ಕೂಟರ್ ಸ್ಟ್ಯಾಂಡೂ ಹಾಕದೆ ಬಂದರು.
"ನಮ್ಮಜ್ಜನ ಹೆಸರು ಕೆಳಗಿಳಿಸ್ತೀರಾ?"
ಅಷ್ಟರಲ್ಲಿ ಬಾಗಿಲಿಂದ ಒಬ್ಬ ಬಾಣಂತಿ ಹೊರಬಂದಳು,
ತಲೆಗೆ ಸ್ಕಾರ್ಫು, ಹಿಂದೆ ಕೂಸನ್ನೆತ್ತಿದ ಅವರವ್ವ.
ಹೊಸ್ತಿಲ ಮೇಲೆ ನಿಂತು ಆಟೋ ಕಾದರು.
ಅಂದಾನೆಪ್ಪನವರು ಮೇಲೆ ನೋಡಿದರು, ಕೆಳಗೆ ನೋಡಿದರು.
"ತೂಕ ಎಷ್ಟಿದ್ದಾವು?"
"ಎರಡೂ ಸೇರಿ ನಾಲ್ಕು ಕ್ವಿಂಟಾಲ್."
ಹತ್ತಿ ವ್ಯಾಪಾರಿ, ಮನಸ್ಸಿನಲ್ಲೇ ಲೆಕ್ಕ ಹಾಕಿದರು:
ಎರಡೂವರೆ ಬೇಲು.
"ಇಳಿಸ್ರಿ."
ಇಳಿಸುವಾಗ ಒಂದರ ಮೂಗು ಮುರಿಯಿತು.
ತಿಂಗಳು ನನ್ನೊಡನೆ ಮಾತು ಬಿಟ್ಟರು.

ಆಮೇಲೆ ಕೈಕೆಲಸ. ಕಿಟಕಿಗಳ ನೆತ್ತಿಗೆ ಸರಿಯಾಗಿ
ಒಳಗೂ ಹೊರಗೂ ಗಾರೆ ಕೆತ್ತಿ,
ಜಾಲರಿ ಹಾಸಿ, ಕಂಬಿ ಎಳೆದು,
ಮೂಲೆಯಲ್ಲಿ ಒಂದರ ಕೊನೆಯನ್ನು ಇನ್ನೊಂದರೊಳಗೆ ಬಗ್ಗಿಸಿ,
ಗೋಡೆಯ ಎರಡು ಪದರ ಕೂಡಲೆಂದು ತೂತು ಕೊರೆದು
ಕೊಕ್ಕೆ ತೂರಿಸಿ ಕಾಂಕ್ರೀಟು ತುಂಬಿ.
ಒಂದು ತೂತಿನಲ್ಲಿ ಸಿಕ್ಕ ಇಟ್ಟಿಗೆಯ ಮೇಲೆ ಮೇಕೆಯ ಗೊರಸು:
ಹಸಿ ಇಟ್ಟಿಗೆ ಒಣಹಾಕಿದ ಬಯಲಲ್ಲಿ
ಯಾರಿಂದಲೋ ಬೈಸಿಕೊಂಡು ಓಡಿದ್ದು.
ದಾದಾಪೀರ್ ಅದನ್ನು ಒರೆಸಿ ಜೇಬಿನ ಬೀಡಿ ತೆಗೆದ, ಸೇದಲಿಲ್ಲ,
ಇಟ್ಟಿಗೆಯನ್ನು ಮತ್ತೆ ಒಳಗೇ ಕೂರಿಸಿದ.

ಆಯಾ ತಿಪ್ಪಮ್ಮ ಬಾಗಿಲಲ್ಲಿ ನಿಂತು ನೋಡಿದಳು,
ಸುತ್ತಿ ಬಂದು ಸುತ್ತಿ ಹೋಗುವ ಕಂಬಿ.
"ಇದೇನವ್ವ, ಕಟ್ಟಡಕ್ಕ ಉಡಿದಾರ ಕಟ್ಟೀರಿ?"
ಮೂರು ವಾರ ಸಮಿತಿಗೆ ಬಿಡಿಸಿ ಹೇಳಲಾಗದ್ದು.
ನಕ್ಷೆಯಲ್ಲಿದ್ದ ಇಂಗ್ಲಿಷ್ ಪದದ ಮೇಲೆ ಗೆರೆ ಎಳೆದು
ಪೆನ್ಸಿಲ್ಲಿನಲ್ಲಿ ಅವಳ ಪದ ಬರೆದುಕೊಂಡೆ.

ಗಾರೆ ಮೆತ್ತಿದ್ದಾಯಿತು, ಬಣ್ಣವೂ ಆಯಿತು.
ಲೆಕ್ಕ ತಪಾಸಿಗೆ ಬಂದವರು ಎರಡು ಸುತ್ತು ಹಾಕಿ
"ಹೊಸದೇನೂ ಕಾಣಲ್ಲವಲ್ಲ" ಎಂದರು.
ಫೋಟೋ ಕೊಟ್ಟೆ.

ಉತ್ತರದ ಉಗ್ರಾಣ ಮಾತ್ರ ಉಳಿದಿದೆ, ದುಡ್ಡು ಮುಗಿಯಿತು.
ಹಾಸಿಗೆ ಸಾಲದ ರಾತ್ರಿ ಅಲ್ಲೇ ಚಾಪೆ ಹಾಸುತ್ತಾರಂತೆ.
ಬೇಡ, ಆ ಗೋಡೆ ಇನ್ನೂ ಒಂಟಿ ಎಂದು ತಿಪ್ಪಮ್ಮನಿಗೆ ಹೇಳಿದ್ದೆ.
ಮರುದಿನ ಹೋದರೆ, ನಾಲ್ವರು ಹಮಾಲರಿಂದ ಎಳೆಸಿ
ಉಗ್ರಾಣದ ಬಾಗಿಲಿಗೆ ಅಡ್ಡ ಕೂರಿಸಿದ್ದಾಳೆ
ಮೂಗು ಮುರಿದ ಸಿಂಹವನ್ನು.
ಬೆನ್ನ ಮೇಲೆ ಕೂಸುಗಳ ಬಟ್ಟೆ ಒಣಗುತ್ತಿತ್ತು.