ಹದಿಮೂರರ ಹಿಡಿ

ಶನಿವಾರ ಸಂಜೆ ಗುರಿಯ ಹಲಗೆಗಳನ್ನು ಒಳಗೆ ತಂದ ಮೇಲೆ
ಕಟ್ಟಿಗೆ ಒಲೆಯ ಸುತ್ತ ಅವರು ಕೂರುತ್ತಾರೆ,
ನಾನು ಹಿತ್ತಾಳೆ ಗುಡಿಸುತ್ತೇನೆ.
ಹೊರಗೆ ಮೊಂಟಾನಾದ ಜನವರಿ,
ಕೂಟನೈ ನದಿ ಅಂಚಿನಿಂದ ಹೆಪ್ಪುಗಟ್ಟುತ್ತಿದೆ.
ಒಳಗೆ ಅದೇ ಮಾತು:
ಪ್ಲಾಸ್ಟಿಕ್ ಮೈಯ ಪಾಯಿಂಟ್ ನಲವತ್ತೈದು,
ಹೊಟ್ಟೆಯಲ್ಲಿ ಹದಿಮೂರು ಗುಂಡು.

ಪ್ಲಾಸ್ಟಿಕ್ ಅಲ್ಲ, ಪಾಲಿಮರ್!
ತಿದ್ದುತ್ತಾನೆ ಡ್ವೇನ್ ಹಾಲ್ವರ್ಸನ್, ವಾರವಾರವೂ,
ಮಗಳ ಹೆಸರು ತಪ್ಪಾಗಿ ಕರೆದ ಮೇಷ್ಟ್ರನ್ನು ತಿದ್ದುವ ಹಾಗೆ.
ಕೆಸರಲ್ಲಿ ಹೂತಿದ್ದಾನೆ, ಹಿಮದಲ್ಲಿ ರಾತ್ರಿಯಿಡೀ ಬಿಟ್ಟಿದ್ದಾನೆ,
ಬೇಕೆಂದೇ ಒಮ್ಮೆ ಪಿಕಪ್ಪಿನ ಗಾಲಿಗೆ ಕೊಟ್ಟಿದ್ದಾನೆ.
ಹಾಕಿದ್ದನ್ನು ತಿನ್ನುತ್ತದೆ, ತಿಂದದ್ದನ್ನು ಉಗುಳುತ್ತದೆ,
ಗಂಟಲಲ್ಲಿ ಒಂದು ದಿನವೂ ಸಿಕ್ಕಿಸಿಕೊಂಡಿಲ್ಲವಂತೆ
ನಾಲ್ಕು ಸಾವಿರದ ಇನ್ನೂರು ಗುಂಡು. ನೋಟ್‌ಬುಕ್ ಇದೆ,
ಕೇಳದಿದ್ದರೂ ತೋರಿಸುತ್ತಾನೆ.

ಹೆತ್ತವರಿಗೆ ಹೆಗ್ಗಣ ಮುದ್ದು,
ಕೊಂಡವರಿಗೆ ಇನ್ನೂ ಮುದ್ದು,
ಕಂತು ಬಾಕಿ ಇದ್ದರಂತೂ ಕೇಳಲೇಬೇಡಿ.

ಊಟದ ಡಬ್ಬಿ, ಎನ್ನುತ್ತಾನೆ ಮುದುಕ ಎಲ್ಡನ್ ಸ್ಟ್ರೋಮ್.
ಉಕ್ಕಿಗೆ ವಯಸ್ಸಾಗುತ್ತದೆ, ತುಕ್ಕು ಬರುತ್ತದೆ,
ಜೊತೆಗೆ ಸವೆಯುವ ಗುಣ ಇದಕ್ಕೆಲ್ಲಿ?
ಆದರೂ ಒಂದು ಕೊಂಡ. ಕರಡಿಗೆಂದು.
ಕರಡಿ ಬಂದ ದಿನ ಅದು ಟ್ರಕ್ಕಿನಲ್ಲಿತ್ತು,
ಇವನು ಪೊದೆಯಲ್ಲಿ, ಕೈಯಲ್ಲಿ ಹಕಲ್‌ಬೆರ್ರಿಯ ಬಕೆಟ್ಟು.
ಇಬ್ಬರೂ ಸ್ವಲ್ಪ ಹೊತ್ತು ನಿಂತರು.
ಕರಡಿ ಇಳಿಜಾರಿನತ್ತ ತಿರುಗಿತು,
ಅದಕ್ಕೆ ನನ್ನ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ,
ಎಂದು ಈಗಲೂ ನೊಂದುಕೊಳ್ಳುತ್ತಾನೆ.

ರೊವೀನಾ ಪ್ಲಂಕೆಟ್ ಆಂಬುಲೆನ್ಸಿನವಳು,
ಅಂಗೈ ಚಿಕ್ಕದು.
ಎರಡೆರಡು ಸಾಲು ಗುಂಡು ತುರುಕಿದರೆ
ಹಿಡಿ ದಪ್ಪವಾಗದೆ ಇನ್ನೇನು, ಇಟ್ಟಿಗೆ ಹಿಡಿದಂತೆ;
ಹೆಬ್ಬೆರಳು ಗುಂಡಿ ಮುಟ್ಟಬೇಕಾದರೆ
ಹಿಡಿತವನ್ನೇ ಬಿಡಬೇಕು, ಎನ್ನುತ್ತಾಳೆ,
ನನ್ನ ಮೊದಲ ಮದುವೆಯ ಹಾಗೆ.
ನಗುತ್ತಾರೆ. ಮಾರಿಬಿಡು ಎನ್ನುತ್ತಾರೆ.
ರಾತ್ರಿ ಪಾಳಿ ಮುಗಿದ ಮೇಲೆ ಮೂವತ್ತು ಮೈಲಿ,
ಫೋನಿಗೆ ಸಿಗ್ನಲ್ ಇಲ್ಲದ ಕಣಿವೆ.
ಮಾರುವುದಿಲ್ಲ.

ಟ್ರೆಂಟ್ ಅಬರ್ನಾಥಿ ಹೊಸಬ, ಕೊನೆಗೆ ಮಾತಾಡುತ್ತಾನೆ.
ನವೆಂಬರಿನ ಒಂದು ರಾತ್ರಿ ಅಡುಗೆಮನೆಯಲ್ಲಿ ಸದ್ದು.
ಮೂರು ಬಾರಿ ಹೊಡೆದ. ಮೂರೂ ಒಂದಂಗೈ ಅಗಲದಲ್ಲಿ,
ಫ್ರಿಜ್ಜಿನ ಬಾಗಿಲಿಗೆ.
ಉಪ್ಪಿನಕಾಯಿ ಜಾಡಿ, ಹಾಲು, ಹಿಂದಿನ ಗೋಡೆ,
ಗೋಡೆಯಾಚೆ ನೇತುಹಾಕಿದ ಕೋಟಿನ ತೋಳು.
ಹೆಂಡತಿಯ ಮೊದಲ ಮಗ, ಹನ್ನೊಂದು ವರ್ಷ,
ಲೋಟ ಹುಡುಕಲೆಂದು
ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದನಂತೆ.
ಈಗ ಸ್ಪೊಕೇನಿನಲ್ಲಿ, ಅಪ್ಪನ ಬಳಿ ಇದ್ದಾನೆ.
ಬಂದೂಕಿನಲ್ಲಿ ಏನೂ ದೋಷವಿಲ್ಲ,
ಅಂದ ಟ್ರೆಂಟ್, ಒಲೆಯ ಬೆಂಕಿಗೆ.
ಕೈಯಲ್ಲಿ ಅಲುಗಲೇ ಇಲ್ಲ.

ಕಟ್ಟಿಗೆ ಚಟಪಟ ಅಂದಿತು.
ಯಾರೋ ಕೆಮ್ಮಿದರು.
ಡ್ವೇನ್ ತಡೆಯಲಾರದೆ ಕೇಳಿದ:
ಯಾವ ಕಂಪನಿಯ ಗುಂಡು?

ರೊವೀನಾ ಎದ್ದು ಹೊರಗೆ ಹೋದಳು, ಕೋಟು ಬಿಟ್ಟು.

ನನ್ನನ್ನು ಯಾರೂ ಕೇಳಿಲ್ಲ.
ಇಲ್ಲಿ ನನ್ನದು ಪೊರಕೆ, ಬಕೆಟ್ಟು, ತಕ್ಕಡಿ;
ಖಾಲಿ ತೊಟ್ಟೆಗಳನ್ನು ಪೌಂಡಿನ ಲೆಕ್ಕದಲ್ಲಿ
ಕ್ಯಾಲಿಸ್ಪೆಲ್ಲಿನ ಗುಜರಿಯವನಿಗೆ ಕೊಡುವುದು.
ನಲವತ್ತೈದರವು ಗುಂಡಗೆ, ತೂಕಕ್ಕೆ ಬರುತ್ತವೆ,
ಅಷ್ಟರಮಟ್ಟಿಗೆ ನನಗೂ ಅದು ಇಷ್ಟವೇ.

ಹಾಗೆ ನೋಡಿದರೆ ನನ್ನದೂ ಒಂದು ಇದೆ.
ಟವೆಲ್ಲುಗಳ ಕೆಳಗೆ, ಎರಡನೇ ಡ್ರಾಯರು.
ಖಾಲಿಯಿದ್ದರೆ ಆಟದ ಸಾಮಾನು.
ಹದಿಮೂರೂ ತುಂಬಿಟ್ಟ ರಾತ್ರಿ ಮಾತ್ರ
ಮನೆ ಆ ಮೂಲೆಗೆ ಸ್ವಲ್ಪ ವಾಲಿದಂತೆ ಅನಿಸುತ್ತದೆ,
ಲೋಟದ ನೀರು ನೋಡುತ್ತೇನೆ,
ನೆಟ್ಟಗೇ ಇರುತ್ತದೆ.

ಒಂದು ತೊಟ್ಟೆ ಒಲೆಯಡಿಗೆ ಉರುಳಿತು.
ಪೊರಕೆ ತಲುಪಲಿಲ್ಲ.
ಟ್ರೆಂಟ್ ಬಗ್ಗಿ ಹೆಕ್ಕಿ ಕೊಟ್ಟ,
ಬಿಸಿಯಿತ್ತೇನೋ,
ಕೈ ಬದಲಿಸಿ ಬದಲಿಸಿ ಕೊಟ್ಟ.