ಒಳಗಿನ ಚಿಲಕ

ಒಂದು ಪೆಟ್ಟಿಗೆಗೆ ಒಂದು ಸಂಸಾರ, ಸಂಸಾರಕ್ಕೆ ಐದು ತಲೆ.
ಜೆಬೆಲ್ ಅಲಿಯ ಗೋದಾಮಿನ ಲೆಕ್ಕ ಇದು.
ಟಾರ್ಪಾಲು ಎರಡು, ಕಂಬಳಿ ಐದು, ನೀರಿನ ಕ್ಯಾನು,
ಸೋಪು. ಟೇಪು ಎಳೆದಾಗ
ಬಟ್ಟೆ ಹರಿದ ಸದ್ದು.

ಫೋರ್ಕ್‌ಲಿಫ್ಟಿನ ಯಾಗೂಬನ ಊರು ಜೆನೀನಾ.
ಇತ್ತು, ಅನ್ನುತ್ತಾನೆ.
ಅವನ ಅಕ್ಕ ಗಡಿಯಾಚೆ ಚಾಡಿನ ಮರಳಲ್ಲಿದ್ದಾಳೆ.
ಹೊರಟದ್ದು ಒಂಬತ್ತು ತಲೆ, ಮುಟ್ಟಿದ್ದು ಆರು.
ನಮ್ಮ ಲೆಕ್ಕಕ್ಕಿಂತ ಇನ್ನೂ ಒಂದು ಹೆಚ್ಚೇ.

ಇನ್ನೇನು ಬೇಕಂತೆ? ಕೇಳಿಸಿದೆ.
ಮೂರು ದಿನ ಬಿಟ್ಟು ಬಂತು ಅವಳ ದನಿ,
ಗಾಳಿಯೇ ಜಾಸ್ತಿ ಅದರಲ್ಲಿ.
ಯಾಗೂಬ ಮುರುಕು ಹಿಂದಿಯಲ್ಲಿ ಬಿಡಿಸಿ ಹೇಳಿದ:
ಕಂಬಳಿ ಬಂತಂತೆ. ಸೋಪೂ.
ಪಾಯಖಾನೆಗೆ ಒಳಗಿನಿಂದ ಚಿಲಕವಿಲ್ಲ.
ರಾತ್ರಿ ದೊಡ್ಡ ಮಗಳು ಹೋದರೆ ಚಿಕ್ಕವಳು
ಹೊರಗೆ ತಗಡು ಹಿಡಿದು ನಿಲ್ಲುತ್ತಾಳೆ,
ಚಿಕ್ಕವಳು ಹೋದರೆ ದೊಡ್ಡವಳು.
ತಾಯಿ
ಬೆಳಗಾಗುವ ತನಕ ಹೋಗುವುದೇ ಇಲ್ಲ.

ಸೂಪರ್‌ವೈಸರ್ ಪಟ್ಟಿ ತಿರುವಿ ನೋಡಿದರು.
ಚಿಲಕಕ್ಕೆ ನಂಬರಿಲ್ಲ.

ಸೋನಾಪುರದ ರೂಮಿನಲ್ಲಿ ಎಂಟು ಜನಕ್ಕೊಂದು ಬಚ್ಚಲು.
ಹೊರಗಿಂದ ಬಡಿಯುತ್ತಿದ್ದಾರೆ,
ಏ ವಾಮನಾ, ಬಸ್ಸು ಬಂತು ಮಾರಾಯಾ!
ಬೆರಳು ಇನ್ನೂ ಅಲ್ಲೇ ಇದೆ.
ಎರಡಿಂಚು ಕಬ್ಬಿಣ,
ತುಕ್ಕಿನ ವಾಸನೆ.