ಹನ್ನೆರಡನೆಯ ಸಾಲು

ಅಮ್ಮತ್ತಿಯ ತೂಕದ ಮನೆಯಲ್ಲಿ ನನಗೊಂದು ಮೇಜು,
ಮೇಜಿನ ಗಿಡ್ಡ ಕಾಲಿಗೆ ಮಡಚಿದ ರಟ್ಟು.
ಸೊಸೈಟಿಯ ರಸೀದಿ ಮುದ್ರಿಸುವ ಜಾವಾ ನಾನೇ ಬರೆದದ್ದು.
ಕಾಫಿಯ ಊರಿಗೆ ಜಾವಾ ಬೇರೆ ಬೇಕಿತ್ತಾ, ಎಂದು
ತೂಕದ ಕರುಂಬಯ್ಯ ವಾರಕ್ಕೊಮ್ಮೆ ನಗುತ್ತಾರೆ.
ನಾನೂ ವಾರಕ್ಕೊಮ್ಮೆ ನಗುತ್ತೇನೆ.

ರಸೀದಿಗೆ ಬೆಲೆ ಬೇಕು.
ಎಲ್ಲಿಂದ ತಂದೆ ಎಂದು ರಸೀದಿ ಕೇಳಬಾರದು,
ನಾನು ಕಲಿತ ಮೊದಲ ಮರ್ಯಾದೆ ಅದು.
ಉಣ್ಣಲು ಕೂತವರು ಅಡುಗೆಮನೆಗೆ ನುಗ್ಗುವುದುಂಟೆ?
ಎಲೆ ಮುಂದಿಟ್ಟು ಕಾಯಬೇಕು; ಬಡಿಸುವ ಕೈ ಬೇರೆ.
‘ಬೆಲೆ ಹೇಳುವವ’ ಎಂದಷ್ಟೇ ಬರೆದಿಟ್ಟೆ,
ಯಾರ ಮಗ, ಯಾವ ಊರು, ಬರೆಯಲಿಲ್ಲ.
ಬೆಳಿಗ್ಗೆ ಯಂತ್ರ ಕಣ್ಣು ಬಿಟ್ಟಾಗ ಚೌಕಟ್ಟು ತಾನೇ ಹುಡುಕಿ
ಒಬ್ಬನನ್ನು ಕರೆತಂದು ಆ ಹೆಸರಿನ ಮೇಲೆ ಕೂರಿಸುತ್ತದೆ.
ದಿನವೂ ಬರುವವನು ಪೇಟೆಯವನು,
ತಂತಿಯ ಮೇಲೆ ಓಡಿಬಂದು
ಅರೇಬಿಕಾ ಇಷ್ಟು, ರೋಬಸ್ಟಾ ಇಷ್ಟು, ಚೆರಿ ಇಷ್ಟು,
ಏದುಸಿರಲ್ಲೇ ಹೇಳುತ್ತಾನೆ.

ಅವನು ಬಾರದ ದಿನಕ್ಕೆಂದು ಇನ್ನೊಬ್ಬನನ್ನು ಬರೆದೆ.
ಹನ್ನೊಂದು ಸಾಲಿನ ಬಡವ.
ಹಣೆಯ ಮೇಲೆ ಒಂದೇ ಷರತ್ತು:
ಯಾರೂ ಇಲ್ಲದಿದ್ದರೆ ನಾನು.
ಕೊನೆಗೆ ಕಿವಿಗೆ ಬಿದ್ದ ಬೆಲೆಯನ್ನು ನೆನಪಿಟ್ಟುಕೊಂಡು
ಮೂಲೆಯಲ್ಲಿ ಕೂತಿರುವುದು ಅವನ ಕೆಲಸ.

ಜನವರಿಯಲ್ಲಿ ಒಂಟಿ ಸಲಗವೊಂದಕ್ಕೆ ಬೆನ್ನು ತುರಿಸಿತು.
ಕಂಬ ಮಲಗಿತು.
ಕರೆಂಟನ್ನು ಜನರೇಟರು ಕೊಟ್ಟಿತು, ಪೇಟೆಯವನನ್ನು ಕೊಡಲಿಲ್ಲ.
ಮೂಲೆಯವನು ಎದ್ದು ಬಂದು ಕೂತ,
ಎಷ್ಟು ಸದ್ದಿಲ್ಲದೆ ಎಂದರೆ, ಹೆತ್ತ ನನಗೇ ತಿಳಿಯಲಿಲ್ಲ.
ಮಂಗಳವಾರದ ಬೆಲೆ ಬುಧವಾರಕ್ಕೆ, ಗುರುವಾರಕ್ಕೆ.
ಅದೇ ಅಕ್ಷರ, ಅದೇ ಶಾಯಿ, ಅದೇ ಗತ್ತು.
ಶುಕ್ರವಾರ ಮಧ್ಯಾಹ್ನ ತಂತಿಗೆ ಜೀವ ಬಂದರೂ
ಬೆಳಿಗ್ಗೆ ಕೂತವನು ಸಂಜೆಯವರೆಗೆ ಏಳುವಂತಿಲ್ಲ.
ಆ ನಿಯಮವೂ ನನ್ನದೇ.

ಶನಿವಾರ ದೇಚಕ್ಕ ಬಂದರು, ದಿನಕ್ಕೆ ಮೂರು ಚೀಲದವರು.
ಮೂರು ರಸೀದಿ ಮೇಜಿನ ಮೇಲೆ ಹರಡಿ,
“ಪೇಟೆಗೆ ಮೂರು ದಿನ ನಿದ್ದೆ ಹತ್ತಿತ್ತಾ, ಮಗಳೇ?”
ಬೈದಿದ್ದರೆ ಚೆನ್ನಾಗಿತ್ತು.
ಚೀಲಕ್ಕೆ ನೂರೆಂಬತ್ತು ರೂಪಾಯಿ ಅವರಿಗೆ ಕಡಿಮೆ ಸಂದಿತ್ತು.

ಸೊನ್ನೆ ಎಂದಿದ್ದರೆ ಯಾರಾದರೂ ಕೂಗುತ್ತಿದ್ದರು.
ಧೊಪ್ಪನೆ ಬಿದ್ದಿದ್ದರೆ ಕರುಂಬಯ್ಯ ನೋಟ್‌ಬುಕ್ ತೆಗೆಯುತ್ತಿದ್ದರು.
ನನ್ನವನು ಬೀಳಲಿಲ್ಲ,
ಬೇರೆಯವನ ಮುಖ ತೊಟ್ಟು ನೆಟ್ಟಗೆ ನಿಂತ.

ರಾತ್ರಿ ನೆನಪಾದದ್ದು ನನ್ನ ಮದುವೆ.
ನಮ್ಮ ಒಕ್ಕದ ಮಾತು ಆಡಿದ್ದು ಅಪ್ಪನಲ್ಲ, ಅರುವ.
ಬೇರೆ ಒಕ್ಕದ ಮನುಷ್ಯ, ಕೆಮ್ಮು ಹಿಡಿದ ಗಂಟಲು.
ಇವರ ಪರವಾಗಿ ನಿಂತಿದ್ದೇನೆ ಎಂದರು,
ಇವರೇ ನಾನು ಎನ್ನಲಿಲ್ಲ.
ಹನ್ನೊಂದು ಕಲ್ಲು ಆ ಕಡೆಗೆ ಎಣಿಸಿ ಕೊಟ್ಟು
ಒಂದನ್ನು ತವರಿಗೆಂದು ಉಳಿಸಿಕೊಂಡರು.
ಆ ಒಂದು ನನಗೆ ಬೇಕಾಯಿತು, ಎರಡನೆಯ ವರ್ಷವೇ.
ಅದು ಇಲ್ಲಿ ಬೇಡ.
ಬೇಕಾದ ದಿನ ತವರು
ಗಂಡನ ಮನೆಯ ವೇಷ ಹಾಕಿ ಬರಲಿಲ್ಲ,
ತವರಾಗಿಯೇ ಬಾಗಿಲು ತೆರೆಯಿತು, ಚಿಲಕದ ಸದ್ದು ಸಮೇತ.

ಭಾನುವಾರ ಕೂತು ಬಡವನಿಗೆ ಇನ್ನೊಂದು ಸಾಲು ಬರೆದೆ:
‘ಇದು ಇಂದಿನ ಬೆಲೆಯಲ್ಲ. ಪೇಟೆಯ ಮಾತು ಬಂದಿಲ್ಲ.
ಕೊನೆಯದಾಗಿ ಕೇಳಿದ್ದು ಇಂಥ ದಿನ.’
ದೇಚಕ್ಕನ ಬಾಕಿಯನ್ನು ಸೊಸೈಟಿ ಕೊಟ್ಟಿತು,
ಸಹಿ ಹಾಕುವಾಗ ಅಧ್ಯಕ್ಷರು ನನ್ನ ಮುಖ ನೋಡಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ತಂತಿ ಸತ್ತಿತು,
ಈ ಸಲ ಆನೆಯದೇನೂ ತಪ್ಪಿಲ್ಲ.
ಮೊದಲ ರಸೀದಿಯನ್ನು ಕರುಂಬಯ್ಯ
ಬೆಳಕಿಗೆ ಹಿಡಿದು ಎರಡು ಸಲ ಓದಿದರು.
“ಓ, ಇವನಿಗೆ ಬಾಯಿ ಬಂತು.”
ಆಮೇಲೆ ಗೋಣಿಕೊಪ್ಪಕ್ಕೆ ಫೋನು ಹಚ್ಚಿ,
ಪೆನ್ಸಿಲಿನ ಮೊನೆ ನಾಲಿಗೆಗೆ ತಾಗಿಸಿ,
ಅಚ್ಚಾದ ಬೆಲೆಯ ಪಕ್ಕದಲ್ಲಿ, ಅದನ್ನು ಅಳಿಸದೆ,
ಇವತ್ತಿನದನ್ನು ಬರೆದರು.